ಹಿತ್ತಲಿಗೆ ಎರಡನೇ ಸಲ ಕೈ ಹಾಕಿದಾಗ

ಮೈಸೂರಿನ ನಮ್ಮ ಮನೆಯ ಹಿಂದೆ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಜಾಗ ಇದೆ. ಅಂದರೆ 600 ಚದರ ಅಡಿ. ಅಲ್ಲಿ ಎರಡು ಸಲ ತೋಟ ಮಾಡಿಸಿದ್ದೇವೆ. ಮೊದಲನೆಯದು ನಾಲ್ಕು ತಿಂಗಳೂ ಬಾಳಲಿಲ್ಲ. ಎರಡನೆಯದು ಈಗ ಮೂರನೇ ಮಳೆಗಾಲ ನೋಡುತ್ತಿದೆ.

ಮೊದಲ ಸಲ ಬಂದ ಕಾಂಟ್ರ್ಯಾಕ್ಟರ್ ಮೊಬೈಲ್‌ನಲ್ಲಿ ಫೋಟೊ ತೋರಿಸಿದರು. ಹಸಿರು ಲಾನ್, ನಡುವೆ ಚಪ್ಪಡಿ ಕಲ್ಲಿನ ದಾರಿ, ಮೂಲೆಯಲ್ಲೊಂದು ಬುದ್ಧನ ಮೂರ್ತಿ. ನೋಡಿ ಮನಸೋತೆವು. ಮಣ್ಣಿನ ಬಗ್ಗೆ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎರಡೇ ದಿನದಲ್ಲಿ ಹುಲ್ಲು ಹಾಸಿ, ಗಿಡ ನೆಟ್ಟು, ಪೂರ್ತಿ ದುಡ್ಡು ತಗೊಂಡು ಹೋದರು. ಮಳೆ ಶುರುವಾದ ಮೇಲೆ ನೀರೆಲ್ಲ ಮನೆಯ ಗೋಡೆಗೇ ಬಂದು ನಿಂತಿತು. ಹುಲ್ಲು ಹಳದಿಯಾಗಿ ಕೊಳೆಯಿತು. ಕಿತ್ತು ನೋಡಿದರೆ ಎರಡು ಇಂಚು ಕೆಂಪು ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಗಾರೆ, ಜಲ್ಲಿ, ಸಿಮೆಂಟ್ ಚೀಲದ ತುಂಡು. ನಮ್ಮ ಮನೆ ಕಟ್ಟಿದಾಗ ಉಳಿದ ಕಸವೇ ಅದು. ಅದರ ಮೇಲೆ ಯಾವ ಗಿಡ ಬೇರು ಬಿಡುತ್ತದೆ ಹೇಳಿ?

ಎರಡನೇ ಸಲ ಯಾರನ್ನೂ ಕರೆಯುವ ಮೊದಲು ನಾನೇ ಜಾಗ ನೋಡಲು ಕೂತೆ. ನಮ್ಮ ದಕ್ಷಿಣಕ್ಕೆ ಮೂರು ಮಹಡಿ ಮನೆ ಇದೆ. ಜನವರಿಯ ಒಂದು ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಆ ಮನೆಯ ನೆರಳು ಎಲ್ಲಿವರೆಗೆ ಬರುತ್ತದೆ ಎಂದು ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆ. ನಡು ಮಧ್ಯಾಹ್ನವೂ ಅರ್ಧಕ್ಕಿಂತ ಜಾಸ್ತಿ ಜಾಗ ನೆರಳಲ್ಲೇ ಇತ್ತು. ಏಪ್ರಿಲ್ ಕೊನೆಯಲ್ಲಿ ಮತ್ತೆ ನೋಡಿದೆ. ಆಗ ಮಧ್ಯಾಹ್ನ ಮೈಸೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳು ಗೋಡೆಯ ಬುಡ ಬಿಟ್ಟು ಬರಲಿಲ್ಲ. ಬೇಸಿಗೆಯಲ್ಲಿ ಮಾತ್ರ ನೋಡಿದ್ದರೆ ಮತ್ತೆ ಮೋಸ ಹೋಗುತ್ತಿದ್ದೆ. ಲಾನ್ ಹುಲ್ಲಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ವರ್ಷವಿಡೀ ಅಷ್ಟು ಬಿಸಿಲು ಬೀಳುವುದು ಉತ್ತರದ ಒಂದು ಪಟ್ಟಿಯಲ್ಲಿ ಮಾತ್ರ.

ಇನ್ನೊಂದು ಕೆಲಸ, ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿದ್ದು. ಮೊದಲ ಸಲದ ನೀರು ಇಂಗಿದ ಮೇಲೆ ಸಂಜೆ ಮತ್ತೆ ತುಂಬಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಅರ್ಧ ಗುಂಡಿ ನೀರು ಹಾಗೇ ನಿಂತಿತ್ತು. ಗಿಡ ಯಾಕೆ ಸತ್ತವು ಎಂದು ಆಗ ಸರಿಯಾಗಿ ಅರ್ಥವಾಯಿತು.

ಆಮೇಲೆ ಮೂವರನ್ನು ಕರೆದೆ. ಮೂವರಿಗೂ ಒಂದೇ ಮಾತು ಹೇಳಿದೆ: ನೀವು ಮಾಡಿ ಒಂದು ವರ್ಷವಾದರೂ ಆಗಿರುವ ತೋಟ ತೋರಿಸಿ. ಹೊಸ ತೋಟ ಯಾರದ್ದಾದರೂ ಚೆನ್ನಾಗೇ ಕಾಣುತ್ತದೆ. ಒಬ್ಬರು ಫೋಟೊ ಕಳಿಸಿದರು, ಇನ್ನೊಬ್ಬರು ಮತ್ತೆ ಫೋನ್ ಮಾಡಲಿಲ್ಲ. ಮೂರನೆಯವರು ಕುವೆಂಪುನಗರದ ಒಂದು ಮನೆಗೆ ಕರೆದುಕೊಂಡು ಹೋದರು. ಆ ಮನೆಯಾಕೆ ನನ್ನನ್ನು ಪಕ್ಕಕ್ಕೆ ಕರೆದು, "ಫೋನ್ ಮಾಡಿದರೆ ಬರ್ತಾರೆ, ಅದೇ ದೊಡ್ಡದು" ಎಂದರು. ಆ ಮೂರನೆಯವರು ನಮ್ಮ ಮನೆಗೆ ಬಂದಾಗ ಮೊದಲು ಕೇಳಿದ್ದು ಹಾರೆ. ನಾಲ್ಕು ಕಡೆ ಕುತ್ತಿ, ಮಣ್ಣು ಕೈಯಲ್ಲಿ ಹಿಸುಕಿ ನೋಡಿದರು. ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ಕೊಟೇಷನ್ ಓದುವುದನ್ನೂ ಕಲಿತೆ. ಫೋಟೊ ಕಳಿಸಿದವರ ಕೊಟೇಷನ್‌ನಲ್ಲಿ "ಕೆಂಪು ಮಣ್ಣು 2 ಲೋಡ್" ಎಂದಿತ್ತು. ನಮ್ಮ ಕಡೆ ಒಂದು ಟ್ರ್ಯಾಕ್ಟರ್ ಲೋಡ್ ಎಂದರೆ ಹೆಚ್ಚುಕಮ್ಮಿ 100 ಘನ ಅಡಿ. ಎರಡು ಲೋಡ್ ಮಣ್ಣನ್ನು 600 ಚದರ ಅಡಿಗೆ ಹರಡಿದರೆ ಸಿಗುವುದು ನಾಲ್ಕೇ ಇಂಚು. ಒಂಬತ್ತು ಇಂಚು ಬೇಕೆಂದರೆ 450 ಘನ ಅಡಿ, ಅಂದರೆ ನಾಲ್ಕೂವರೆ ಲೋಡ್. ನಾವು ಒಪ್ಪಿದವರು ಐದು ಲೋಡ್ ಬರೆದಿದ್ದರು. "ಮಳೆಗೆ ಮಣ್ಣು ಕೂರುತ್ತೆ ಮೇಡಂ" ಎಂದರು. ಕಸ ತೆಗೆದು ಸಾಗಿಸುವ ಖರ್ಚು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಎಲ್ಲವನ್ನೂ ಬೇರೆ ಬೇರೆ ಬರೆಸಿದೆ. ದುಡ್ಡು ಅಡ್ವಾನ್ಸ್ 30 ಪರ್ಸೆಂಟ್, ಮಣ್ಣು ಮತ್ತು ಮಟ್ಟ ಆದ ಮೇಲೆ 30, ಗಿಡ ನೆಟ್ಟ ಮೇಲೆ 30. ಉಳಿದ 10 ಜೋರು ಮಳೆ ಒಂದು ಬಿದ್ದು ಹೋದ ಮೇಲೆ. ಈ ಕೊನೆಯ ಮಾತಿಗೆ ಅವರು ಒಂದು ಕ್ಷಣ ನನ್ನ ಮುಖ ನೋಡಿ, ಆಯ್ತು ಎಂದರು.

ಮಟ್ಟ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಒಂದು ತುದಿ ಮನೆಯ ಗೋಡೆಗೆ, ಇನ್ನೊಂದು ತುದಿ ಹಿಂದಿನ ಕಾಂಪೌಂಡಿಗೆ ಹಿಡಿದರು. ಎರಡೂ ಕಡೆ ನೀರು ನಿಂತಲ್ಲಿ ಪೆನ್ಸಿಲ್ ಗುರುತು. ಅಲ್ಲಿಂದ ಕೆಳಕ್ಕೆ ಅಳೆದು, ಹತ್ತಡಿಗೆ ಎರಡು ಇಂಚಿನಂತೆ ಇಳಿಜಾರು ಕೊಟ್ಟರು. ಮೂವತ್ತಡಿಗೆ ಆರು ಇಂಚು. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಮಣ್ಣು ಹರಡಿದ ದಿನವೇ ಹುಲ್ಲು ಹಾಸಲಿ ಎಂಬ ಆಸೆ ನಮ್ಮೆಲ್ಲರಿಗೂ. ಅವರು ಒಪ್ಪಲಿಲ್ಲ. "ಹದಿನೈದು ದಿನ ಸುಮ್ನೆ ನೀರು ಹಾಕಿ. ಈ ಮಣ್ಣಲ್ಲಿ ಏನೇನು ಬಂದಿದೆಯೋ ನೋಡೋಣ." ಹತ್ತೇ ದಿನಕ್ಕೆ ಕಾಂಗ್ರೆಸ್ ಗಿಡ ಮತ್ತು ಜೇಕು ತುಂಬಿಕೊಂಡವು. ಜೇಕನ್ನು ಮೇಲಿಂದ ಕಿತ್ತರೆ ಪ್ರಯೋಜನವಿಲ್ಲ, ಗಡ್ಡೆ ಸಮೇತ ಅಗೆದು ತೆಗೆಯಬೇಕು. ಇಬ್ಬರು ಆಳು ಎರಡು ದಿನ ಕೂತು ತೆಗೆದರು.

ಲಾನ್ ಬಿಸಿಲಿನ ಪಟ್ಟಿಗಷ್ಟೇ, 150 ಚದರ ಅಡಿ. ಉಳಿದದ್ದು ಅಮ್ಮನ ಪಾಲು. "ನೋಡಪ್ಪ, ನನಗೆ ಬೆಳಗ್ಗೆ ದೇವರಿಗೆ ಹೂವು ಸಿಗಬೇಕು, ಅಷ್ಟೇ" ಎಂದಿದ್ದರು ಅಮ್ಮ. ನಂದಿಬಟ್ಟಲು, ದಾಸವಾಳ, ಮಲ್ಲಿಗೆ ಬಂದವು. ನೆರಳಿನ ತೇವದ ಮೂಲೆಗೆ ಒಂದೆಲಗ. ಪಾರಿಜಾತವನ್ನು ಗೋಡೆಯಿಂದ ಆರಡಿ ಬಿಟ್ಟು ನೆಟ್ಟು, ಅದರ ಕೆಳಗೆ ಹುಲ್ಲು ಹಾಕಲಿಲ್ಲ. "ರಾತ್ರಿ ಒಂದು ಹಳೇ ಸೀರೆ ಹಾಸಿಡಿ ಅಮ್ಮಾ, ಬೆಳಗ್ಗೆ ಬಗ್ಗಿ ಆರಿಸೋ ಕಷ್ಟ ಇಲ್ಲ" ಎಂದರು ಕಾಂಟ್ರ್ಯಾಕ್ಟರ್. ನರ್ಸರಿಗೆ ನಾನೂ ಜೊತೆಗೆ ಹೋಗಿದ್ದೆ. ಅವರು ಎತ್ತರದ ಗಿಡ ಆರಿಸಲಿಲ್ಲ. ಕವರ್‌ನ ತಳ ತಿರುಗಿಸಿ, ಬೇರು ಒಳಗೇ ಸುತ್ತಿಕೊಂಡು ಹೊರಗೆ ಬಂದಿರುವುದನ್ನೆಲ್ಲ ಬಿಟ್ಟು, ಚಿಕ್ಕದಾದರೂ ಬುಡ ಗಟ್ಟಿ ಇರುವುದನ್ನು ತಗೊಂಡರು.

ಜೂನ್‌ನಲ್ಲಿ ನೆಟ್ಟಿದ್ದು. ಜೋರು ಮಳೆ ಬಂದದ್ದು ಅಕ್ಟೋಬರ್‌ನಲ್ಲಿ, ಒಂದು ಸಂಜೆ ಎರಡು ಗಂಟೆ ಬಿಡದೆ ಸುರಿಯಿತು. ಟಾರ್ಚ್ ಹಿಡಿದು ನೋಡಿದೆ. ಗೋಡೆಯ ಬಳಿ ಒಂದು ಹನಿ ನಿಂತಿರಲಿಲ್ಲ. ನಲ್ಲಿಯ ಹತ್ತಿರ ಮಾತ್ರ ತಟ್ಟೆಯಷ್ಟು ಜಾಗದಲ್ಲಿ ನೀರು. ಫೋಟೊ ಕಳಿಸಿದೆ. ಮರುದಿನ ಬೆಳಗ್ಗೆ ಅವರೇ ಒಂದು ಬಾಂಡಲಿ ಮಣ್ಣು ತಂದು, ತುಂಬಿ, ಕಾಲಲ್ಲಿ ತುಳಿದು ಸರಿ ಮಾಡಿದರು. ಉಳಿದ ದುಡ್ಡು ಕೊಟ್ಟೆ. ಅಮ್ಮ ಕಾಫಿ ಕೊಟ್ಟರು. ಲೋಟ ಕೈಯಲ್ಲಿ ಹಿಡಿದೇ ಅವರು ಲಾನ್ ಅಂಚಿನಲ್ಲಿ ಕೂತು, ಮತ್ತೆ ತಲೆ ಎತ್ತಿದ್ದ ಒಂದು ಜೇಕನ್ನು ಗಡ್ಡೆ ಸಮೇತ ಎಬ್ಬಿಸಿ ಆಚೆ ಎಸೆದರು.