ತು ಬಿಶ್ವಾತ್: ಮರಗಳ ಹೊಸವರ್ಷವನ್ನು ಸಮುದಾಯದೊಡನೆ ಆಚರಿಸುವ ಬಗೆ

ಯೆಹೂದಿ ಪಂಚಾಂಗದ ಶ್ವಾತ್ ಮಾಸದ 15ನೆಯ ದಿನವೇ ತು ಬಿಶ್ವಾತ್. ಹಣ್ಣಿನ ದಶಮಾಂಶವನ್ನು, ಅಂದರೆ ಧರ್ಮಕ್ಕೆಂದು ಮೀಸಲಿಡುವ ಹತ್ತನೆಯ ಒಂದು ಪಾಲನ್ನು, ಯಾವ ವರ್ಷದ ಲೆಕ್ಕಕ್ಕೆ ಸೇರಿಸಬೇಕೆಂದು ನಿರ್ಧರಿಸಲು ಗೊತ್ತುಪಡಿಸಿದ ಈ ದಿನವನ್ನು ಯೆಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾ ಮರಗಳ ಹೊಸವರ್ಷವೆಂದು ಕರೆಯುತ್ತದೆ. ಆ ಕಾಲದ ಧರ್ಮಪಂಡಿತರಲ್ಲಿ ಶಮ್ಮಾಯ್ ಪಂಥದವರು ಮಾಸದ ಮೊದಲ ದಿನವನ್ನು ಸೂಚಿಸಿದ್ದರೂ ನೆಲೆನಿಂತದ್ದು ಹದಿನೈದನೆಯ ದಿನವೆಂಬ ಹಿಲ್ಲೆಲ್ ಪಂಥದ ಮಾತು. ದಿನವು ಹಿಂದಿನ ಸೂರ್ಯಾಸ್ತಕ್ಕೇ ಆರಂಭವಾಗುವುದರಿಂದ ಕೂಟವನ್ನು ಸಾಮಾನ್ಯವಾಗಿ ಆ ಸಂಜೆಯೇ ಇಟ್ಟುಕೊಳ್ಳುತ್ತಾರೆ. ಆಹ್ವಾನದಲ್ಲಿ ಇದನ್ನು ಸ್ಪಷ್ಟವಾಗಿ ಬರೆಯದಿದ್ದರೆ ಅರ್ಧದಷ್ಟು ಜನ ಮರುದಿನ ಬರುತ್ತಾರೆ.

ಕೂಟದ ತಿರುಳು ಸೆದರ್, ಅಂದರೆ ಕ್ರಮಬದ್ಧವಾದ ಭೋಜನವಿಧಿ. ಕಬ್ಬಾಲಾ ಎಂಬ ಯೆಹೂದಿ ಅನುಭಾವ ಪರಂಪರೆಯಲ್ಲಿ ರೂಪುಗೊಂಡ ಇದರಲ್ಲಿ ನಾಲ್ಕು ಬಟ್ಟಲು ದ್ರಾಕ್ಷಾರಸವಿರುತ್ತದೆ: ಮೊದಲನೆಯದು ಪೂರ್ತಿ ಬಿಳಿ, ಎರಡನೆಯದಕ್ಕೆ ತುಸು ಕೆಂಪು, ಮೂರನೆಯದರಲ್ಲಿ ಕೆಂಪೇ ಹೆಚ್ಚು, ಕೊನೆಯದು ಪೂರ್ತಿ ಕೆಂಪು. ಚಳಿಗಾಲವು ವಸಂತಕ್ಕೆ ತಿರುಗುವುದನ್ನು ಹಲವರು ಈ ಬಣ್ಣಗಳಲ್ಲಿ ಕಾಣುತ್ತಾರೆ. ಮಕ್ಕಳಿಗೂ ಮದ್ಯ ಬೇಡವೆನ್ನುವವರಿಗೂ ಎರಡೂ ಬಣ್ಣಗಳ ಕೋಷರ್ (ಯೆಹೂದಿ ಆಹಾರನಿಯಮಕ್ಕೆ ಒಪ್ಪುವ) ದ್ರಾಕ್ಷಿಯ ಪಾನಕವನ್ನು ಬೇರೆಯಾಗಿ ಇಡಿ.

ಹಣ್ಣುಗಳನ್ನು ಮೂರು ತಟ್ಟೆಗಳಲ್ಲಿ ಜೋಡಿಸಬೇಕು. ಬಾದಾಮಿ, ದಾಳಿಂಬೆಗಳಂತೆ ಹೊರಗೆ ತಿನ್ನಲಾಗದ ಸಿಪ್ಪೆಯುಳ್ಳವು ಒಂದರಲ್ಲಿ, ಖರ್ಜೂರ, ಆಲಿವ್‌ಗಳಂತೆ ಒಳಗೆ ಗಟ್ಟಿ ಬೀಜವುಳ್ಳವು ಇನ್ನೊಂದರಲ್ಲಿ, ಅಂಜೂರ, ದ್ರಾಕ್ಷಿಗಳಂತೆ ಇಡಿಯಾಗಿ ತಿನ್ನಬಹುದಾದವು ಮತ್ತೊಂದರಲ್ಲಿ ಇರಲಿ. ಬೈಬಲಿನ ಧರ್ಮೋಪದೇಶಕಾಂಡವು ಹೇಳುವ ಏಳು ಬೆಳೆಗಳಲ್ಲಿ ಐದು ಇಲ್ಲಿಯೇ ಬಂದುವು; ಉಳಿದ ಗೋಧಿ, ಜವೆಗೋಧಿಗಳನ್ನು ರೊಟ್ಟಿಯಾಗಿಯೋ ಸಾರಾಗಿಯೋ ಬಡಿಸಬಹುದು. ಒಣ ಅಂಜೂರವನ್ನೂ ಖರ್ಜೂರವನ್ನೂ ಸೀಳಿ ಹುಳುವಿಲ್ಲವೆಂದು ನೋಡಿದ ಮೇಲೆಯೇ ತಟ್ಟೆಗೆ ಹಾಕಬೇಕು. ಕೀಟವು ಕೋಷರ್ ಅಲ್ಲ, ಮತ್ತು ಈ ಕೆಲಸಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಒಬ್ಬರೇ ಎಲ್ಲವನ್ನೂ ಕೊಳ್ಳುವುದಕ್ಕಿಂತ ಪ್ರತಿ ಮನೆಯವರಿಗೂ ಒಂದೊಂದು ಹಣ್ಣನ್ನು ವಹಿಸಿ, ಅದರ ಬಗ್ಗೆ ಗ್ರಂಥದ ಒಂದು ವಾಕ್ಯವನ್ನೋ ತಮ್ಮದೊಂದು ನೆನಪನ್ನೋ ಹೇಳಲು ಕೇಳಿಕೊಳ್ಳುವುದು ನನ್ನ ಮಟ್ಟಿಗೆ ಉತ್ತಮ ದಾರಿ. ಈ ವಿಧಿಗೆ ಎಲ್ಲರೂ ಪಾಲಿಸಲೇಬೇಕಾದ ಒಂದೇ ಪಾಠವಿಲ್ಲವಾದ್ದರಿಂದ ಇಂತಹ ಸ್ವಾತಂತ್ರ್ಯಕ್ಕೆ ಅಡ್ಡಿಯಿಲ್ಲ. ಆದರೆ ಹಣ್ಣಿಗೂ ದ್ರಾಕ್ಷಾರಸಕ್ಕೂ ಹೇಳುವ ಆಶೀರ್ವಚನಗಳು ಬೇರೆ ಬೇರೆ. ಆ ಋತುವಿನಲ್ಲಿ ಮೊದಲ ಬಾರಿಗೆ ತಿನ್ನುವ ಹಣ್ಣಿಗೆ ಈ ಕಾಲದವರೆಗೆ ಬಾಳಿಸಿದ್ದಕ್ಕೆ ದೇವರನ್ನು ಸ್ತುತಿಸುವ ಶೆಹೆಹೆಯಾನು ಎಂಬ ಆಶೀರ್ವಚನ ಕೂಡ ಸೇರುತ್ತದೆ. ಇವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಹಂಚಿದರೆ ಹೊಸಬರಿಗೆ ಸಂಕೋಚವಿರುವುದಿಲ್ಲ.

ಇಸ್ರೇಲಿನಲ್ಲಿ ಈ ದಿನ ಸಸಿ ನೆಡುವ ವಾಡಿಕೆ 1890ರಲ್ಲಿ ಜಿಖ್ರೋನ್ ಯಾಕೋವ್ ಊರಿನಲ್ಲಿ ಆರಂಭವಾಯಿತು. ನೆಲಕ್ಕೆ ವಿಶ್ರಾಂತಿ ಕೊಡುವ ಏಳನೆಯ ವರ್ಷದಲ್ಲಿ ಅಲ್ಲಿ ನೆಡುವುದಿಲ್ಲ. ಹೊರಗೆ ಹಿಮ ಬೀಳುವ ಕಡೆ ಮಕ್ಕಳ ಕೈಯಲ್ಲಿ ಕುಂಡಗಳಿಗೆ ಪಾರ್ಸ್ಲಿ ಬೀಜ ಹಾಕಿಸುತ್ತಾರೆ. ಅದು ಎರಡು ತಿಂಗಳಲ್ಲಿ, ಅಧಿಕಮಾಸದ ವರ್ಷವಾದರೆ ಮೂರು ತಿಂಗಳಲ್ಲಿ, ಈಜಿಪ್ಟಿನ ದಾಸ್ಯದಿಂದಾದ ಬಿಡುಗಡೆಯನ್ನು ನೆನೆಯುವ ಪೆಸಹ ಹಬ್ಬದ ತಟ್ಟೆಗೆ ಸೊಪ್ಪಾಗಿ ಬರುತ್ತದೆ.