ಅಂಗನವಾಡಿ ಊಟ: ಮಗೂನ ಸೇರಿಸೋದ್ ಹೇಗೆ, ಸಿಗ್ದೇ ಇದ್ರೆ ಕೇಳೋದ್ ಯಾರನ್ನ

"ನಮ್ದು ಬಿಪಿಎಲ್ ಕಾರ್ಡ್ ಅಲ್ವಲ್ಲಕ್ಕಾ, ನಮ್ ಮಗೂಗೆಲ್ಲಿ ಕೊಡ್ತಾರೆ" ಅಂತ ನಮ್ಮ ಪಕ್ಕದ್ಮನೆ ಹುಡುಗಿ ಕೇಳಿದ್ಲು, ಅವ್ಳ ಮಗೂಗೆ ಆಗ ಒಂದೂವರೆ ವರ್ಷ, ಅಂಗನವಾಡಿ ಇರೋದು ಅವ್ರ ಮನೆಯಿಂದ ನಾಲ್ಕು ಮನೆ ಆಚೆ. ಇಷ್ಟು ದಿನ ಕೇಳೋಕೇ ಹೋಗಿಲ್ಲ. ಈ ಲೇಖನ ಬರಿತಿರೋದು ಅವ್ಳಂಥೋರಿಗೋಸ್ಕರ. ಅಂಗನವಾಡಿ ಊಟಕ್ಕೂ ರೇಷನ್ ಕಾರ್ಡ್‌ಗೂ ಸಂಬಂಧ ಇಲ್ಲ, ಜಾತಿ ಸರ್ಟಿಫಿಕೇಟ್ ಬೇಡ, ಇನ್ಕಮ್ ಸರ್ಟಿಫಿಕೇಟ್ ಬೇಡ. 2013ರ ಆಹಾರ ಭದ್ರತಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಮಗೂಗೆ ಹತ್ರದ ಅಂಗನವಾಡಿಲಿ ವಯಸ್ಸಿಗೆ ತಕ್ಕ ಆಹಾರ ಫ್ರೀಯಾಗಿ ಸಿಗ್ಬೇಕು, ಅದು ಹಕ್ಕು, ಯಾರೋ ದಯೆ ತೋರಿಸಿ ಕೊಡೋದಲ್ಲ.

ಅಂದಹಾಗೆ ಇದೇನ್ ಹೊಸ ಸ್ಕೀಮ್ ಅಲ್ಲ. ಅಂಗನವಾಡಿಗಳನ್ನ ನಡ್ಸೋ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ಇಡೀ ದೇಶದಲ್ಲಿ 33 ಕಡೆ, ನಮ್ಮ ರಾಜ್ಯದಲ್ಲಿ ಮೊದ್ಲು ಬಂದಿದ್ದು ಮೈಸೂರು ಜಿಲ್ಲೆ ಟಿ. ನರಸೀಪುರಕ್ಕೆ. ಐವತ್ತು ವರ್ಷ ಆಯ್ತು, ಇನ್ನೂ ಜನ "ಅದು ಬಡವ್ರ ಮಕ್ಳಿಗೆ" ಅಂತಾನೇ ಅನ್ಕೊಂಡಿದಾರೆ.

ಮೊದಲ್ನೇ ಕೆಲ್ಸ, ಹೆಸ್ರು ಬರ್ಸೋದು. ಬಸುರಿ ಇದ್ದಾಗ ಕೊಟ್ಟಿರೋ ತಾಯಿ ಕಾರ್ಡ್, ತಾಯಿ ಆಧಾರ್, ಮಗು ಹುಟ್ಟಿದ ಸರ್ಟಿಫಿಕೇಟ್ ಇದ್ರೆ ಅದು, ಮತ್ತೆ ಮುಖ್ಯವಾಗಿ ಮೊಬೈಲ್ ತಗೊಂಡು ಬೆಳಿಗ್ಗೆ ಹೋಗಿ. ಕೇಂದ್ರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರ ತನಕ ಇರುತ್ತೆ, ಆದ್ರೆ ಹನ್ನೆರಡೂವರೆ ಮೇಲೆ ಹೋದ್ರೆ ಟೀಚರ್ರು ಆಯಮ್ಮ ಇಬ್ರೂ ಮಕ್ಳಿಗೆ ಬಡ್ಸೋದ್ರಲ್ಲಿರ್ತಾರೆ, ಆಗ ಹೋಗಿ "ಎಂಟ್ರಿ ಮಾಡಿ ಮೇಡಂ" ಅಂದ್ರೆ ಯಾರಿಗಾದ್ರೂ ರೇಗುತ್ತೆ. ಮಗೂದು ಆಧಾರ್ ಇಲ್ಲ ಅಂದ್ರೆ ತಾಯೀದು ನಡೆಯುತ್ತೆ, ಅದಿಲ್ಲ ಅಂತ ಮಗೂನ ವಾಪಸ್ ಕಳ್ಸೋ ಹಾಗಿಲ್ಲ. ಎಲ್ರೂ ಸಿಕ್ಕಾಕೊಳ್ಳೋದು ಮೊಬೈಲ್ ನಂಬರ್ ಹತ್ರ. ಈಗ ಎಲ್ಲಾ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಂಟ್ರಿ, ಇ-ಕೆವೈಸಿಗೆ ಅಂದ್ರೆ ಆಧಾರ್ ಗುರುತು ಖಾತ್ರಿ ಮಾಡೋದಕ್ಕೆ ಓಟಿಪಿ ಹೋಗೋದು ಆಧಾರ್‌ಗೆ ಲಿಂಕ್ ಆಗಿರೋ ನಂಬರ್‌ಗೆ, ಆ ಸಿಮ್ ಯಾವತ್ತೋ ಬಿಸಾಕಿರ್ತೀವಿ. ಅದ್ರ ಮೇಲೆ 2025ರ ಜುಲೈ 1ರಿಂದ ಮನೆಗೆ ಕೊಡೋ ಪ್ಯಾಕೆಟ್‌ಗೆ ಮುಖದ ಫೋಟೋ ಹೊಡ್ದು ಮ್ಯಾಚ್ ಮಾಡೋದು ಬೇರೆ ಕಡ್ಡಾಯ ಮಾಡಿದಾರೆ. ಅದಕ್ಕೇ ಅಂಗನವಾಡಿಗೆ ಹೋಗೋ ಮುಂಚೆ ಒಂದ್ಸಲ ಪೋಸ್ಟ್ ಆಫೀಸೋ ಆಧಾರ್ ಸೆಂಟರೋ ಹತ್ತಿ ನಂಬರ್ ಬದ್ಲಾಯಿಸ್ಕೊಂಡ್ ಬನ್ನಿ, ಆಮೇಲಿನ ಮೂರು ಓಡಾಟ ಉಳಿಯುತ್ತೆ.

ಎರಡ್ನೇದು, ನಿಮ್ ಮಗೂಗೆ ಏನ್ ಸಿಗ್ಬೇಕು ಅನ್ನೋದನ್ನ ತಿಳ್ಕೊಳ್ಳಿ, ಇಲ್ದಿದ್ರೆ ಕೊಟ್ಟಿದ್ದೇ ಸರಿ ಅಂತ ತರ್ತೀರ. ಮೂರು ವರ್ಷದ ಒಳಗಿನ ಮಗು ಅಲ್ಲಿ ಕೂತು ಉಣ್ಣೋದಿಲ್ಲ, ಅದಕ್ಕೆ ಮನೆಗೇ ಪುಷ್ಟಿ ಪುಡಿ ಪ್ಯಾಕೆಟ್ ಕೊಡ್ತಾರೆ. ಮೂರರಿಂದ ಆರು ವರ್ಷದವ್ರಿಗೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಬಿಸಿಯೂಟ. ಕಾಯ್ದೆ ಬಂದಾಗ ಬರ್ದಿದ್ದ ಲೆಕ್ಕ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್, ತೀವ್ರ ಅಪೌಷ್ಟಿಕತೆ ಇರೋ ಮಗೂಗೆ 800 ಕ್ಯಾಲೊರಿ, 20ರಿಂದ 25 ಗ್ರಾಂ. ವರ್ಷದಲ್ಲಿ 300 ದಿನ. ಇದ್ರ ಜೊತೆಗೆ ನಮ್ಮ ರಾಜ್ಯದ್ದು ಕ್ಷೀರಭಾಗ್ಯದ ಹಾಲು, 2013ರ ಆಗಸ್ಟ್‌ನಲ್ಲಿ ಶುರುವಾಗಿದ್ದು, ಒಬ್ಬೊಬ್ರಿಗೆ 150 ಎಂಎಲ್, ಮತ್ತೆ ವಾರಕ್ಕೆ ಎರಡು ದಿನ ಮೊಟ್ಟೆ. ಮೊಟ್ಟೆ ತಿನ್ನದ ಮನೆಯವ್ರು ಸೇರಿಸೋವಾಗ್ಲೇ ಹೇಳ್ಬಿಡಿ, ಆಮೇಲೆ ಮಗು ಖುಷಿಯಾಗಿ ತಿಂದ್ಬಿಟ್ಟು ಬಂತು ಅಂತ ಟೀಚರ್ ಮೇಲೆ ಜಗಳಕ್ಕೆ ಹೋಗೋದ್ ಬೇಡ. ಮನೇಲಿ ಬಸುರಿ ಬಾಣಂತಿ ಇದ್ರೆ ಅವ್ರಿಗೂ ಮಾತೃಪೂರ್ಣದ ಊಟ ಇದೆ, 2017ರಿಂದ, ತಿಂಗಳಿಗೆ 25 ದಿನ.

ಆ ಪುಷ್ಟಿ ಪುಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಎಷ್ಟೋ ಮನೇಲಿ ಅದು ಹಸು ಬಾಯಿಗೆ ಹೋಗುತ್ತೆ. "ಮಗು ಮುಟ್ಟಲ್ಲ" ಅಂತಾರೆ. ನೀರಿಗೆ ಹಾಕಿ ಕಲಸಿ ಬಾಯಿಗೆ ತುರುಕಿದ್ರೆ ನಾನೂ ಮುಟ್ಟಲ್ಲ. ಬಾಣಲೆಗೆ ಒಂದ್ ಚಮಚ ತುಪ್ಪ ಹಾಕಿ ಸಣ್ಣ ಉರಿಲಿ ಮತ್ತೊಂದ್ಸಲ ಘಮ್ ಅನ್ನೋ ತನಕ ಹುರೀರಿ, ಕೆಳಗಿಳ್ಸಿ ತಣ್ಣೀರಲ್ಲಿ ಗಂಟಿಲ್ದಂಗೆ ಕದಡಿ, ಆಮೇಲೆ ಬಿಸಿ ಹಾಲಿಗೆ ಹಾಕಿ ಐದು ನಿಮಿಷ ಕೈಯಾಡ್ಸಿ, ರಾಗಿ ಸರಿ ಹದಕ್ಕೆ ಬರ್ಬೇಕು, ಚಮಚದಿಂದ ಜಾರ್ಬೇಕೇ ಹೊರತು ಸುರೀಬಾರ್ದು. ದೊಡ್ಡ ಮಗು ಆದ್ರೆ ಬಾಳೆಹಣ್ಣು ಕಿವುಚಿ ಹಾಕಿ ಉಂಡೆ ಕಟ್ಟಿ. ಇನ್ನೊಂದು ಮಾತು, ಈ ಪ್ಯಾಕೆಟ್ ಲೆಕ್ಕ ಹಾಕಿರೋದು ಆ ಒಂದು ಮಗೂಗೆ, ಅತ್ತೆ ಮಾವ ಎಲ್ರೂ ಸೇರಿ ಬೆಳಿಗ್ಗೆ ಗಂಜಿ ಮಾಡ್ಕೊಂಡ್ ಕುಡಿದ್ರೆ ಹತ್ತು ದಿನಕ್ಕೆ ಖಾಲಿ, ಆಮೇಲೆ ಮಗು ತೂಕ ಏರ್ಲಿಲ್ಲ ಅಂತ ಪುಡಿಯನ್ನ ಬೈಯ್ಯೋದು.

ಮೂರ್ನೇದು ತೂಕ. ತಿಂಗ್ಳಿಗೊಂದ್ಸಲ ತೂಗ್ಬೇಕು, ಎತ್ತರ ಅಳೀಬೇಕು, ಬರೀ ಆ್ಯಪ್‌ಗೆ ಹಾಕಿದ್ರೆ ಸಾಲ್ದು, ನಿಮ್ಮ ತಾಯಿ ಕಾರ್ಡ್‌ನಲ್ಲೂ ಬರ್ಸ್ಕೊಳ್ಳಿ. ತೋಳಿಗೆ ಸುತ್ತೋ ಒಂದು ಪಟ್ಟಿ ಇರುತ್ತೆ, ಕೆಂಪು ಹಳದಿ ಹಸಿರು ಮೂರು ಬಣ್ಣದ್ದು, ಸುತ್ತೋಕೆ ಹೋದ್ರೆ ಮಗು ಕಿರುಚೋಕೆ ಶುರು ಮಾಡುತ್ತೆ, ಸೂಜಿ ಅನ್ಕೊಂಡು. ಆರು ತಿಂಗಳಿಂದ ಐದು ವರ್ಷದ ಮಗು ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಮಧ್ಯೆ ಹಳದಿ. ಕೆಂಪು ಬಂದ್ರೆ ಜಾಸ್ತಿ ಊಟ ಕೇಳಿ, ಪಿಎಚ್‌ಸಿ ಅಂದ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರ್ಸಿ, ಎನ್‌ಆರ್‌ಸಿಗೆ ಅಂದ್ರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬರ್ಕೊಟ್ರೆ "ಹದಿನಾಲ್ಕು ದಿನ ಆಸ್ಪತ್ರೇಲಿ ಯಾರಿರ್ತಾರೆ" ಅಂತ ತಳ್ಳಿಹಾಕ್ಬೇಡಿ. ತಾಯಿ ಜೊತೆಗಿರ್ಬೋದು, ಕೂಲಿ ನಷ್ಟಕ್ಕೆ ಸ್ವಲ್ಪ ದುಡ್ಡೂ ಕೊಡ್ತಾರೆ.

ಇನ್ನು ನಾಲ್ಕನೇದು, ನೀವೇ ಹೋಗಿ ನೋಡೋದು. ನನ್ನ ಮಗಳು ಹೋಗ್ತಿದ್ದ ಕೇಂದ್ರದಲ್ಲಿ, ಊರ ಹೆಸ್ರು ಬೇಡ, ಒಂದ್ ಮೂರು ವಾರ ಮೊಟ್ಟೆನೇ ಇಲ್ಲ. ಸಿಟ್ಟಲ್ಲಿ ಹೋದೆ. ಟೀಚರ್ ಒಂದು ನೋಟ್‌ಬುಕ್ ತೆಗ್ದು ಮುಂದೆ ಇಟ್ರು, ಅಂಗಡಿಯವನ ಬಾಕಿ ಎಲ್ಲಾ ಪೆನ್ಸಿಲ್‌ನಲ್ಲಿ ಬರ್ದಿದೆ, ಒಂದು ಮೊಟ್ಟೆಗೆ ಇಲಾಖೆ ಕೊಡೋದಕ್ಕಿಂತ ಅಂಗಡೀಲಿ ಜಾಸ್ತಿ, ಆ ದುಡ್ಡೂ ಎರಡು ತಿಂಗ್ಳಾದ್ರೂ ಬಂದಿಲ್ಲ, ಅಲ್ಲಿ ತನಕ ಅವ್ರ ಕೈಯಿಂದಾನೇ ಹಾಕಿದಾರೆ. ಒಂದು ಮಗೂನ ಒಂದು ದಿನದ ಆಹಾರಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ನಿಗದಿ ಮಾಡಿದ್ದು 8 ರೂಪಾಯಿ, ಅದಕ್ಕೂ ಮುಂಚೆ 6 ಇತ್ತು. ಎಂಟು ರೂಪಾಯಿಗೆ ನಮ್ಮ ಕಡೆ ಒಂದು ಲೋಟ ಟೀ ಬರಲ್ಲ ಕಣ್ರೀ. ಹಾಗಾಗಿ ಮೊದ್ಲೇ ಕೂಗಾಡ್ಬೇಡಿ, ಸ್ಟಾಕ್ ಪುಸ್ತಕ ತೋರ್ಸಿ ಅಂತ ಕೇಳಿ, ಬಂದಿಲ್ವಾ ಅಥ್ವಾ ಬಂದಿದ್ದು ಬಡ್ಸಿಲ್ವಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಬಂದಿದ್ದೂ ಕೊಡ್ತಿಲ್ಲ ಅಂದ್ರೆ ಮೊದ್ಲು ಕೇಳ್ಬೇಕಾದ್ದು ಅಂಗನವಾಡಿಯ ಬಾಲವಿಕಾಸ ಸಮಿತಿನ, ಅದ್ರಲ್ಲಿ ನಿಮ್ಮಂಥ ತಾಯಂದ್ರೇ ಇರ್ತಾರೆ, ಮೊಟ್ಟೆ ತರಕಾರಿ ದುಡ್ಡು ಬರೋದೂ ಸಮಿತಿ ಅಧ್ಯಕ್ಷೆ ಮತ್ತೆ ಟೀಚರ್ ಜಂಟಿ ಖಾತೆಗೆ. ಆಮೇಲೆ ಅಂಗನವಾಡಿ ಸೂಪರ್‌ವೈಸರ್, ಆಮೇಲೆ ತಾಲ್ಲೂಕಿನ ಸಿಡಿಪಿಒ ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸ್. ಬಾಯಲ್ಲಿ ಹೇಳಿ ಬಂದ್ರೆ ಗಾಳಿಗೆ ಹೋಯ್ತು, ಅರ್ಜಿ ಎರಡು ಕಾಪಿ ಬರೀರಿ, ಯಾವ್ಯಾವ ತಾರೀಕು ಏನೇನ್ ಸಿಗ್ಲಿಲ್ಲ ಅಂತ ಹಾಕಿ. ಅಲ್ಲೂ ಆಗ್ಲಿಲ್ಲ ಅಂದ್ರೆ ರಾಜ್ಯ ಆಹಾರ ಆಯೋಗ ಇದೆ, ಸಿಗ್ಬೇಕಾದ ಊಟ ಸಿಗ್ಲಿಲ್ಲ ಅಂದ್ರೆ ಸರ್ಕಾರ ಅದ್ರ ಬದ್ಲು ಆಹಾರ ಭದ್ರತಾ ಭತ್ಯೆ ಕೊಡ್ಬೇಕು ಅಂತ ಅದೇ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತೆ.

ಉದ್ಯೋಗ ಖಾತ್ರಿ ಕೂಲಿಗೆ ಹೋಗೋ ತಾಯಂದ್ರು ಪಂಚಾಯ್ತಿಲಿ ಕೂಸಿನ ಮನೆ ಇದ್ಯಾ ಅಂತ ವಿಚಾರ್ಸಿ, ಮಗೂನ ನೋಡ್ಕೊಂಡು ಊಟಾನೂ ಹಾಕ್ತಾರೆ.

ನಿಮ್ಮ ಕಡೆ ಅಂಗನವಾಡಿನೇ ಇಲ್ವಾ? ಹೊಸ ಲೇಔಟ್, ತೋಟದ ಲೈನ್ ಮನೆ, ಕಟ್ಟಡ ಕೆಲ್ಸದವ್ರ ಶೆಡ್ಡು ಇಂಥ ಕಡೆ ಇದು ಮಾಮೂಲಿ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ, ಹಳ್ಳಿ ಅಥ್ವಾ ಸ್ಲಮ್‌ನಲ್ಲಿ ಆರು ವರ್ಷದೊಳಗಿನ ಕನಿಷ್ಠ 40 ಮಕ್ಳಿದ್ದು ಅಂಗನವಾಡಿ ಇಲ್ಲ ಅಂದ್ರೆ, ಜನ ಕೇಳಿದ ಮೂರು ತಿಂಗ್ಳೊಳಗೆ ಕೊಡ್ಬೇಕು. ಒಂದು ಭಾನುವಾರ ಕೂತು ಮನೆ ಮನೆ ಸುತ್ತಿ, ಮಗು ಹೆಸ್ರು, ಹುಟ್ಟಿದ ತಾರೀಕು, ತಾಯಿ ಸೈನು, ಸೈನ್ ಬರಲ್ಲ ಅಂದ್ರೆ ಹೆಬ್ಬೆಟ್ಟು. ನಲವತ್ತು ಬೇಕು ಅಂದ್ರೆ ನಲವತ್ತೈದು ಬರ್ಸಿ, ಲಿಸ್ಟ್ ಚೆಕ್ ಮಾಡೋ ದಿನ ಯಾರಾದ್ರೂ ಊರಿಗೆ ಹೋಗಿರ್ತಾರೆ. ಸಿಡಿಪಿಒ ಆಫೀಸಲ್ಲಿ ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು, ತಾರೀಕು ಎರಡೂ ಹಾಕ್ಸ್ಕೊಳ್ಳಿ, ಆ ಮೂರು ತಿಂಗ್ಳು ಎಣ್ಸೋದು ಆ ತಾರೀಕಿಂದ.