ಪಾರ್ಕಿನಲ್ಲಿ ತಲೆ ಎಣಿಸಿದ ಮೂರು ವಾರ

ನಾವು ಓಡಾಡುವ ಪಾರ್ಕಿನ ಹಿಂಬದಿಯ ಮೂಲೆಯನ್ನು ಬಹುಮಹಡಿ ಪಾರ್ಕಿಂಗ್‌ಗೆ ಕೊಡಬೇಕೆಂಬ ಪ್ರಸ್ತಾವ ಪಾಲಿಕೆಯ ಮುಂದೆ ಬಂತು. ನನಗೆ ಸಿಟ್ಟೇನೂ ಬರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು, ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತುವವರಲ್ಲಿ ನಾನೂ ಒಬ್ಬ. ಆಮೇಲೆ ಪ್ರಸ್ತಾವದ ಪ್ರತಿ ಓದಿದೆ. ಆ ಮೂಲೆಯನ್ನು ಯಾರೂ ಬಳಸುತ್ತಿಲ್ಲ ಎಂದು ಅದರಲ್ಲಿತ್ತು. ನನ್ನ ಮಗಳು ದಿನಾ ಸಂಜೆ ಸೈಕಲ್ ಕಲಿಯುತ್ತಿದ್ದುದು ಅಲ್ಲೇ!

ಮೊದಲು ಒಂದೇ ಪತ್ರ ಟೈಪ್ ಮಾಡಿಸಿ, ನೂರಾರು ಜನರ ಸಹಿ ಹಾಕಿಸಿ ಕೊಟ್ಟೆವು. ಗುಮಾಸ್ತರು ನಕ್ಕರು. "ಒಕ್ಕಣೆ ಒಂದೇ ಆದ್ರೆ ಒಂದೇ ಆಕ್ಷೇಪಣೆ ಅಂತ ಬರ್ಕೋತೀವಿ ಸಾರ್." ಎರಡನೇ ಸಲ ಒಬ್ಬೊಬ್ಬರೂ ತಮ್ಮದೇ ಮಾತಲ್ಲಿ ನಾಲ್ಕು ಸಾಲು ಬರೆದರು. ಪಾರ್ಕಿನ ಉಳಿದ ಕಡೆಯೆಲ್ಲ ಕಾಂಕ್ರೀಟ್ ಹಾದಿ, ಮೊಣಕಾಲು ನೋವಿರುವ ನನಗೆ ಮಣ್ಣಿನ ಮೇಲೆ ನಡೆಯಲು ಉಳಿದಿರುವುದು ಆ ಮೂಲೆ ಮಾತ್ರ ಎಂದು ಒಬ್ಬ ಅಜ್ಜ ಬರೆದಿದ್ದರು. ನಮ್ಮ ಟೈಪ್ ಮಾಡಿದ ಪತ್ರದಲ್ಲಿ ಈ ವಿಷಯ ಬಂದೇ ಇರಲಿಲ್ಲ.

"ಯಾರೂ ಬಳಸುತ್ತಿಲ್ಲ" ಅನ್ನುವುದು ಎಲ್ಲಿಂದ ಬಂತು? ಕೆದಕಿದಾಗ ಗೊತ್ತಾಯಿತು: ಸರ್ವೆ ನಡೆದದ್ದು ಒಂದೇ ದಿನ, ವಾರದ ಮಧ್ಯೆ, ಬೆಳಿಗ್ಗೆ 11ರಿಂದ 1ರವರೆಗೆ. ಆ ಬಿಸಿಲಲ್ಲಿ ಯಾರು ಬರ್ತಾರೆ? ನಾವು ಐದು ಜನ ಸರದಿ ಹಾಕಿಕೊಂಡು ಮೂರು ವಾರ ಎಣಿಸಿದೆವು. ನಿಯಮ ಸರಳ. ಒಂದೇ ಜಾಗದಲ್ಲಿ ನಿಲ್ಲಬೇಕು, ಅರ್ಧ ಗಂಟೆಗೊಮ್ಮೆ ಆ ಕ್ಷಣ ಅಲ್ಲಿರುವ ತಲೆಗಳನ್ನಷ್ಟೇ ಬರೆದುಕೊಳ್ಳಬೇಕು, ದಿನದ ಕೊನೆಗೆ ಕೂಡಿಸಬಾರದು. ಕೂಡಿಸಿದರೆ ಎರಡು ಗಂಟೆ ಕೂತ ಒಬ್ಬರೇ ನಾಲ್ಕು ಜನ ಆಗಿಬಿಡುತ್ತಾರೆ. ಮಧ್ಯಾಹ್ನವೂ ಎಣಿಸಬೇಕೆಂದು ನಾನು ಹಟ ಹಿಡಿದೆ. ಗೆಳೆಯರಿಗೆ ಇಷ್ಟವಿರಲಿಲ್ಲ. ನಿಜಕ್ಕೂ ಆಗ ಮೂಲೆ ಖಾಲಿ ಇತ್ತು, ಹಾಗೇ ಸೊನ್ನೆ ಬರೆದೆವು. ಆ ಸೊನ್ನೆಗಳನ್ನು ನೋಡಿದ ಮೇಲೆಯೇ ಎಂಜಿನಿಯರ್ ಸಾಹೇಬರು ನಮ್ಮ ಬೆಳಗಿನ, ಸಂಜೆಯ ಅಂಕಿಗಳನ್ನು ನಂಬಿದ್ದು.

ಜೊತೆಗೆ ಕಾಗದದ ಕೆಲಸ. ಮಂಜೂರಾದ ನಕ್ಷೆಯಲ್ಲಿ ಆ ಜಾಗ ಏನೆಂದು ದಾಖಲಾಗಿದೆ, ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ ಅನ್ನುವುದು ಮರಗಳ ಬಗ್ಗೆ ಮಾಡುವ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಪಾರ್ಕ್‌ಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪ್ರಶ್ನಿಸುವ ಹಕ್ಕು ಸುತ್ತಲಿನ ನಿವಾಸಿಗಳಿಗೆ ಇದೆ ಎಂದೂ ಹೇಳಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಅದು ಪಾರ್ಕ್ ಅಲ್ಲವಲ್ಲ. ನ್ಯೂಯಾರ್ಕಿನಲ್ಲಿ ವ್ಯಾನ್ ಕೋರ್ಟ್‌ಲ್ಯಾಂಡ್ ಪಾರ್ಕಿನ ನೆಲದಡಿ ನೀರು ಶುದ್ಧೀಕರಣ ಘಟಕ ಕಟ್ಟಲು ನಗರ ಹೊರಟಾಗ, ರಾಜ್ಯ ಶಾಸನಸಭೆಯ ಒಪ್ಪಿಗೆ ಬೇಕೇ ಬೇಕು ಎಂದು 2001ರಲ್ಲಿ ಅಲ್ಲಿನ ಕೋರ್ಟ್ ಹೇಳಿತು. 2003ರಲ್ಲಿ ಒಪ್ಪಿಗೆ ಸಿಕ್ಕಿತು, ಘಟಕವೂ ಬಂತು. ಇದನ್ನು ನಮ್ಮವರಿಗೆ ಮುಚ್ಚಿಡಲಿಲ್ಲ. ಕಾನೂನು ಇದೆ ಎಂದು ನಿಶ್ಚಿಂತೆಯಿಂದ ಕೂರುವಂತಿಲ್ಲ.

ಆಕ್ಷೇಪಣೆಗಳ ಬಗ್ಗೆ ಪಾಲಿಕೆ ನಡೆಸಿದ ವಿಚಾರಣೆಯಲ್ಲಿ ನನಗೆ ಸಿಕ್ಕಿದ್ದು ಮೂರು ನಿಮಿಷ. ಎರಡು ಪ್ರಶ್ನೆ ಕೇಳಿದೆ. ಪಾರ್ಕಿಂಗ್‌ಗೆ ಬೇರೆ ಯಾವ ಜಾಗಗಳನ್ನು ನೋಡಿದಿರಿ? ನಗರದ ಅಂಚಿನಲ್ಲಿ ಎರಡು ಪಟ್ಟು ಬದಲಿ ಜಾಗ ಕೊಡುತ್ತೇವೆ ಅಂತೀರಲ್ಲ, ಎಂಟು ವರ್ಷದ ಮಗು ಅಲ್ಲಿಗೆ ನಡೆದು ಹೋಗುತ್ತದಾ? ಎರಡನೆಯದಕ್ಕೆ ಚಪ್ಪಾಳೆ ಬಂತು. ಆದರೆ ಸದಸ್ಯರನ್ನು ಕಟ್ಟಿಹಾಕಿದ್ದು ಮೊದಲನೆಯದು, ಬೇರೆ ಜಾಗಗಳ ಪಟ್ಟಿ ಕಡತದಲ್ಲಿ ಇರಲೇ ಇಲ್ಲ.

ಪ್ರಸ್ತಾವ ತಿರಸ್ಕಾರವಾಗಲಿಲ್ಲ, "ಮರುಪರಿಶೀಲನೆಗೆ" ವಾಪಸ್ ಹೋಯಿತು. ಸರ್ವೆಯವರು ನೆಟ್ಟ ಕೆಂಪು ಗೂಟಗಳು ಅಲ್ಲೇ ಇವೆ. ಪ್ರತಿ ತಿಂಗಳು ಸಭೆಯ ಅಜೆಂಡಾ ತರಿಸಿ ಓದುತ್ತೇನೆ. ಎಣಿಸಿದ ಪುಸ್ತಕ ಮೇಜಿನ ಮೇಲೇ ಇದೆ.